ಆಯ್ತು ಎನ್ನದ ಮನೆ

ಚಿತ್ರಗಳಿಗೆ ಚೌಕಟ್ಟು ಹಾಕುವವಳು ನಾನು. ಅಂಗಡಿ ಸೋದರಮಾವನಿಂದ ಬಂದದ್ದು, ಮುಂಗೋಪವೂ ಅವನಿಂದಲೇ ಬಂದದ್ದು. ನಾನು ಗಾಜು ಕೊಯ್ಯುವಾಗ ತಲೆ ತಿನ್ನಬಾರದೆಂದು ಬೀದಿಯ ಮಕ್ಕಳಿಗೂ ಗೊತ್ತು. ಗೊತ್ತಿದ್ದೂ ತಿನ್ನುವವಳು ಒಬ್ಬಳಿದ್ದಾಳೆ, ಅಂಗಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದು ಚಿತ್ರ ಬರೆಯುವ ಗುಬ್ಬಿ. ಹುಟ್ಟಿದಾಗ ಅಂಗೈಯಲ್ಲಿ ಹಿಡಿಸುವಷ್ಟೇ ಇದ್ದಳಂತೆ, ಅದಕ್ಕೇ ಆ ಹೆಸರು. ಈಗ ಕೂದಲು ಅರ್ಧ ನರೆತಿದೆ, ಸೊಂಟ ಹಿಡಿದುಕೊಂಡು ಮೆಟ್ಟಿಲು ಇಳಿಯುತ್ತಾಳೆ, ಆದರೂ ಬೀದಿಗೆಲ್ಲ ಗುಬ್ಬಿಯೇ.

ಅವಳ ಚಿತ್ರಗಳಿಗೆ ಚೌಕಟ್ಟು ಹಾಕಿ ಹಾಕಿ ನನಗೆ ಸಾಕೋ ಸಾಕಾಗಿದೆ. ಯಾವುದನ್ನು ನೋಡಿದರೂ ಅದೇ. ಮೇಲಿಂದ ಕೆಳಗೆ ಇಳಿಬಿಟ್ಟ ದೊಡ್ಡ ಪರದೆಯ ಹಿಂಬದಿ. ಅದರ ಹೊಲಿಗೆ, ತೇಪೆ, ಆ ಕಡೆಯಿಂದ ಜಿನುಗಿ ಬಂದ ಬಣ್ಣದ ಕಲೆಗಳು. ಪರದೆಗೆ ಮುಖ ಮಾಡಿ, ನಮಗೆ ಬೆನ್ನು ಹಾಕಿ, ಮಣೆಯ ಮೇಲೆ ಕೂತ ಒಬ್ಬ ಹೆಂಗಸು. ಕೆಲವು ಚಿತ್ರಗಳಲ್ಲಿ ಪಕ್ಕದಲ್ಲೊಂದು ಮಗು, ಕೆಲವುಗಳಲ್ಲಿ ಆರಿಸಿದ ಒಲೆ. ಒಂದರಲ್ಲೂ ಬಾಗಿಲಿಲ್ಲ. ನೋಡಲು ಬಂದವರು ಅದರ ಮುಂದೆ ನಿಂತು ಕತ್ತು ಸವರಿಕೊಂಡು, ‘ಉಸಿರು ಕಟ್ಟಿದ ಹಾಗಾಗುತ್ತೆ’ ಎನ್ನುತ್ತಾರೆ. ಅದು ಹೊಗಳಿಕೆಯಂತೆ!

ಆ ಪರದೆ ನಿಜವಾದದ್ದು. ನನ್ನ ಅಂಗಡಿಯ ಎದುರಿಗೇ ಇದೆ.

ಎದುರಿಗೆ ಫೋಟೋ ಸ್ಟುಡಿಯೋ. ಉದ್ದನೆಯ ಒಂದೇ ಕೋಣೆ. ಗುಬ್ಬಿಯ ಅಪ್ಪ ಅದರ ನಡುವೆ ತಾನೇ ಬರೆದ ಪರದೆ ಇಳಿಬಿಟ್ಟಿದ್ದರು. ಅದರ ಮೇಲೆ ಕಂಬ, ಕಟಕಟೆ, ಮೇಲೇರುವ ಮೆಟ್ಟಿಲು, ದೂರದಲ್ಲೊಂದು ಕೆರೆ. ಪರದೆಯ ಮುಂದೆ ವ್ಯಾಪಾರ, ಹಿಂದೆ ಸಂಸಾರ. ಹಿಂದಿನ ಅರ್ಧದಲ್ಲಿ ಒಲೆ, ಮಂಚ, ಬಚ್ಚಲು, ಗೋಡೆಯ ಎತ್ತರದಲ್ಲಿ ಅಂಗೈಯಗಲದ ಗವಾಕ್ಷಿ. ಬೀದಿಗಿದ್ದ ಬಾಗಿಲು ಮುಂದಿನದೊಂದೇ. ಹಾಗಾಗಿ ಗಿರಾಕಿ ಬಂದರೆ ಒಳಗಿದ್ದವರು ಒಳಗೇ, ಹೊರಗಿದ್ದವರು ಹೊರಗೇ. ಯಾವುದೋ ಮದುಮಗನ ಕ್ರಾಪು ಕೂರಲಿಲ್ಲವೆಂದು ಗುಬ್ಬಿ ಶಾಲೆಗೆ ತಡವಾಗಿ ಹೋಗಿ ಮೇಷ್ಟರ ಕೈಲಿ ಬೈಸಿಕೊಂಡದ್ದುಂಟು. ಯಾಕೆ ತಡ ಎಂದು ಕೇಳಿದರೆ ಪಾಪ ಏನು ಹೇಳಿಯಾಳು?

ಅದು ಹಳೆಯ ಕಾಲದ ಕ್ಯಾಮೆರಾ, ಮೂರು ಕಾಲಿನ ಮೇಲೆ ನಿಲ್ಲುವಂಥದ್ದು. ಬೆಳಕು ಕಡಿಮೆ, ಫೋಟೋ ಬೀಳಲು ಹೊತ್ತು ಹಿಡಿಯುತ್ತಿತ್ತು. ಅಷ್ಟು ಹೊತ್ತು ಮುಂದಿನವರಷ್ಟೇ ಅಲ್ಲ, ಹಿಂದಿನವರೂ ಮಿಸುಕಬಾರದು. ಹಿಂದೆ ಯಾರಾದರೂ ಓಡಾಡಿದರೆ ಪರದೆ ಅಲುಗಿ, ಫೋಟೋದಲ್ಲಿ ಕಂಬಗಳು ಕುಡಿದವರ ಹಾಗೆ ತೂರಾಡುತ್ತಿದ್ದವು. ಗುಬ್ಬಿಯ ಅಪ್ಪ ಕಪ್ಪು ಬಟ್ಟೆಯೊಳಗೆ ತಲೆ ಹಾಕಿ ‘ಅಲ್ಲಾಡ್ಬೇಡಿ’ ಎನ್ನುತ್ತಿದ್ದರು. ಮುಂದೆ ಗಿರಾಕಿ ಕಲ್ಲಾಗುತ್ತಿದ್ದ, ಹಿಂದೆ ಹೆಂಡತಿ ಮಕ್ಕಳು ಕಲ್ಲಾಗುತ್ತಿದ್ದರು. ಆಮೇಲೆ ಅವರು ‘ಆಯ್ತು’ ಎನ್ನುತ್ತಿದ್ದರು. ಎರಡೂ ಕಡೆಯವರು ಒಟ್ಟಿಗೆ ಉಸಿರು ಬಿಡುತ್ತಿದ್ದರು. ಬೀದಿಯವರು ಅವರಿಗೆ ಇಟ್ಟ ಹೆಸರೇ ಅಲ್ಲಾಡ್ಬೇಡಿ. ನಮ್ಮ ಬೀದಿಯ ಹಳೆಯ ಫೋಟೋಗಳಲ್ಲಿ ಎಲ್ಲರ ಮುಖವೂ ಸ್ವಲ್ಪ ಹಸಿದಂತೆ ಕಾಣುತ್ತದೆ. ಕೆರೆಯ ಕಡೆಯಿಂದ ಈರುಳ್ಳಿ ಹುರಿದ ವಾಸನೆ ಬಂದರೆ ಇನ್ನು ಹೇಗೆ ಕಂಡಾರು!

ಗುಬ್ಬಿಯ ಅಮ್ಮ ನನ್ನ ಮಾವನನ್ನು ಅಣ್ಣ ಎನ್ನುತ್ತಿದ್ದರು, ಹಾಗಾಗಿ ನನಗೆ ಚಿಕ್ಕಮ್ಮ. ಚಿಕ್ಕಮ್ಮ ಈಗಲೂ ಆ ಪರದೆಯ ಹಿಂದೆಯೇ ಇದ್ದಾರೆ. ಸ್ಟುಡಿಯೋವನ್ನು ಗುಬ್ಬಿಯ ಅಣ್ಣ ನೋಡಿಕೊಳ್ಳುತ್ತಾನೆ. ಈಗಿನ ಕ್ಯಾಮೆರಾಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ, ಹಿಂದಿನ ನೋಟವನ್ನು ಕಂಪ್ಯೂಟರಿನಲ್ಲಿ ಹಾಕಿದರೆ ಸರಿ. ಆದರೂ ಪರದೆ ತೂಗಾಡುತ್ತಲೇ ಇದೆ, ಏಕೆಂದರೆ ಅದು ಆ ಮನೆಯ ಗೋಡೆ. ಗಿರಾಕಿಯ ಚಪ್ಪಲಿ ಸದ್ದು ಕೇಳಿದರೆ ಸಾಕು, ಚಿಕ್ಕಮ್ಮ ಕೈಯಲ್ಲಿದ್ದ ಸೌಟು ಕೈಯಲ್ಲೇ ಹಿಡಿದು ನಿಂತುಬಿಡುತ್ತಾರೆ.

‘ಅಮ್ಮಾ, ಓಡಾಡಮ್ಮ. ಕುಣಿದ್ರೂ ಈಗ ಏನೂ ಆಗಲ್ಲ,’ ಎಂದು ಅಣ್ಣ ಹೇಳಿ ಸೋತಿದ್ದಾನೆ.

ಆ ಮನೆಯಲ್ಲಿ ಇನ್ನೊಂದು ವಿಚಿತ್ರವಿದೆ. ಯಾರೂ ‘ಆಯ್ತು’ ಎನ್ನುವುದಿಲ್ಲ. ಕನ್ನಡದಲ್ಲಿ ಆ ಮಾತಿಲ್ಲದೆ ಒಂದು ದಿನ ಕಳೆದು ನೋಡಿ, ಗೊತ್ತಾಗುತ್ತದೆ. ‘ಊಟ ಆಯ್ತಾ’ ಎನ್ನುವಂತಿಲ್ಲ, ‘ಉಂಡ್ಯಾ’ ಎನ್ನಬೇಕು. ಹೇಳಿದ್ದಕ್ಕೆ ಒಪ್ಪಿದರೆ ‘ಸರಿ’. ಅಣ್ಣನೋ, ಫೋಟೋ ತೆಗೆದ ಮೇಲೆ ಗಿರಾಕಿಗೆ ‘ಓಕೆ’ ಎನ್ನುತ್ತಾನೆ. ಇಂಗ್ಲಿಷಿನಿಂದ ನಿಜವಾಗಿ ಉಪಕಾರವಾದ ಮನೆ ನಮ್ಮ ಬೀದಿಯಲ್ಲಿ ಅದೊಂದೇ.

ಕಾರಣ ಗುಬ್ಬಿಯೇ ನನಗೆ ಹೇಳಿದ್ದು. ಅವಳಾಗ ಚಿಕ್ಕವಳು. ಮಧ್ಯಾಹ್ನದ ಹೊತ್ತು. ಅಣ್ಣ ಯಾರದೋ ಮನೆಗೆ ಫೋಟೋ ಕೊಡಲು ಹೋಗಿದ್ದ. ಪರದೆಯ ಮುಂದೆ ಗಂಡ ಹೆಂಡತಿ ಮತ್ತು ಗಂಡನ ಮುದಿ ಅಪ್ಪ ಕೂತಿದ್ದರು. ಪರದೆಯ ಹಿಂದೆ ಗುಬ್ಬಿ, ಅವಳ ಅಮ್ಮ. ಅಪ್ಪ ಕಪ್ಪು ಬಟ್ಟೆಯೊಳಗೆ ಹೋಗಿ ‘ಅಲ್ಲಾಡ್ಬೇಡಿ’ ಎಂದರು. ಎಲ್ಲರೂ ಉಸಿರು ಹಿಡಿದರು. ‘ಆಯ್ತು’ ಬರಲಿಲ್ಲ.

ಪರದೆಯಲ್ಲಿ ಬರೆದ ಮೆಟ್ಟಿಲುಗಳ ಬಳಿ ಒಂದು ಹರಕು ಇತ್ತು. ಅಪ್ಪ ತೇಪೆ ಹಾಕುವುದು, ಗುಬ್ಬಿ ಬೆರಳು ತೂರಿಸಿ ಮತ್ತೆ ಹಿಗ್ಗಿಸುವುದು, ಅದೊಂದು ಆಟ ಅವರಿಬ್ಬರಿಗೆ. ಅವಳು ಅದರಲ್ಲಿ ಕಣ್ಣಿಟ್ಟಳು. ಕ್ಯಾಮೆರಾದ ಕಾಲುಗಳ ನಡುವೆ ಅಪ್ಪನ ಮೊಣಕಾಲು ನಿಧಾನವಾಗಿ ಮಡಿಸಿಕೊಳ್ಳುತ್ತಿದ್ದುದು ಕಂಡಿತು. ಓಡಲು ಹೊರಟಳು. ಅಮ್ಮ ಅವಳ ಮಣಿಕಟ್ಟು ಹಿಡಿದುಬಿಟ್ಟರು. ಎಳೆದಳು, ಬಿಡಲಿಲ್ಲ. ಮುಂದೆ ಕೂತ ಮೂವರೂ, ಅವರು ಬಟ್ಟೆಯೊಳಗೇ ಬಗ್ಗಿ ಏನೋ ಸರಿಮಾಡುತ್ತಿದ್ದಾರೆ, ಇದು ಯಾವುದೋ ದೊಡ್ಡ ಫೋಟೋ ಇರಬೇಕೆಂದು ನಗು ಹೊತ್ತುಕೊಂಡೇ ಇದ್ದರು. ಕೊನೆಗೆ ಮುದುಕ, ‘ಕಾಲು ಜೋಮು ಹಿಡಿತಪ್ಪಾ’ ಎಂದು ಎದ್ದು ಹೋಗಿ ಬಟ್ಟೆ ಎತ್ತಿ ನೋಡಿದ. ಅಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು.

ಯಾರು ಬೇಕಾದರೂ ಮಾಡಬಹುದಾದ ತಪ್ಪಲ್ಲ ಇದು. ಆ ಮನೆಯವರು ಮಾತ್ರ ಮಾಡಬಹುದಾದದ್ದು.

‘ಒಂದು ಮಾತಿಗೆ ಕಟ್ಟುಬಿದ್ದು ಅಪ್ಪನ್ನ ಸಾಯೋಕೆ ಬಿಟ್ಲು,’ ಎಂದು ಗುಬ್ಬಿ ಅಂದಿದ್ದಳು. ‘ಕೈ ಬಿಟ್ಟಿದ್ರೆ ನಾನು ಓಡಿಹೋಗಿ ಡಾಕ್ಟರನ್ನ ಕರ್ಕೊಂಡು ಬರ್ತಿದ್ದೆ.’

ಈ ಮಾತನ್ನು ಅವಳು ಅಮ್ಮನಿಗೆ ಎಂದೂ ಹೇಳಿಲ್ಲ, ಬರೆದಿದ್ದಾಳೆ. ಆ ಬೆನ್ನುಗಳೆಲ್ಲ ಅದೇ ಮಾತು. ಅವಳು ದೊಡ್ಡವಳಾದ ಮೇಲೆ ಎದುರಿನ ನನ್ನ ಮಹಡಿಗೆ ಬಂದದ್ದೂ ಅದಕ್ಕೇ. ಬೀದಿ ದಾಟುವಷ್ಟು ಮಾತ್ರ ಅವಳಿಂದ ದೂರ ಹೋಗಲು ಸಾಧ್ಯವಾಯಿತು. ಕಿಟಕಿ ತೆಗೆದರೆ ಸ್ಟುಡಿಯೋ ಬಾಗಿಲು. ಮುಚ್ಚಿದರೆ ಪರದೆ.

ದೊಡ್ಡ ಊರಿನ ಗ್ಯಾಲರಿಯವಳೊಬ್ಬಳು ಅವಳ ಚಿತ್ರಗಳನ್ನು ಕೊಂಡುಹೋಗಿ ಪ್ರದರ್ಶನಕ್ಕಿಡುತ್ತಾಳೆ. ನಾವು ಅವಳನ್ನು ಗ್ಯಾಲರಿಯಮ್ಮ ಎನ್ನುತ್ತೇವೆ. ಒಮ್ಮೆ ಗುಬ್ಬಿ ಗಟ್ಟಿ ಮನಸ್ಸು ಮಾಡಿ ಒಂದು ಮರ ಬರೆದಳು. ಹಸಿರು ಮರ, ಮೇಲೆ ಆಕಾಶ, ಮತ್ತೇನಿಲ್ಲ. ನನಗೆಷ್ಟು ಸಂತೋಷವಾಯಿತೆಂದರೆ ನನ್ನಲ್ಲಿದ್ದ ಒಳ್ಳೆಯ ಮರದ ಪಟ್ಟಿಯನ್ನೇ ಚೌಕಟ್ಟಿಗೆ ತೆಗೆದೆ. ಗ್ಯಾಲರಿಯಮ್ಮ ಬಂದವಳು ಅದನ್ನು ಬಹಳ ಹೊತ್ತು ನೋಡಿ, ‘ಮರದ ಹಿಂದೆ ಯಾರಿದ್ದಾರೆ?’ ಎಂದು ಕೇಳಿದಳು. ಗುಬ್ಬಿ ಅದನ್ನು ಗೋಡೆಗೆ ತಿರುಗಿಸಿಟ್ಟಳು. ಆಮೇಲೆ ಮರದ ಸುದ್ದಿಗೆ ಹೋಗಲಿಲ್ಲ.

ಹೋದ ವರ್ಷ ಗ್ಯಾಲರಿಯಮ್ಮ ನಮ್ಮ ಊರಿನ ಗ್ರಂಥಾಲಯದ ಹಾಲಿನಲ್ಲೇ ಪ್ರದರ್ಶನ ಏರ್ಪಡಿಸಿದಳು. ಚಿಕ್ಕಮ್ಮನನ್ನು ಕರೆದುಕೊಂಡು ಬರುವುದು ನನ್ನ ತಲೆಗೆ ಬಂತು. ಗುಬ್ಬಿಗೆ ಇಷ್ಟವಿರಲಿಲ್ಲ, ಆದರೆ ಬೇಡ ಎನ್ನಲು ಬಾಯಿ ಬರಲಿಲ್ಲ. ಚಿಕ್ಕಮ್ಮ ನನ್ನ ಕೈ ಹಿಡಿದುಕೊಂಡು ಒಂದೊಂದೇ ಚಿತ್ರ ನೋಡುತ್ತ ಬಂದರು. ಮಗುವಿನ ಮಣಿಕಟ್ಟನ್ನು ಹಿಡಿದ ದೊಡ್ಡ ಕೈಯ ಚಿತ್ರವೊಂದಿತ್ತು. ಎಲ್ಲರೂ ಹೊಗಳಿದ ಚಿತ್ರ ಅದು. ಅದರ ಮುಂದೆ ನಿಂತರು, ತಮ್ಮ ಕೈ ನೋಡಿಕೊಂಡರು, ಮುಂದಕ್ಕೆ ಹೋದರು.

ಹಾಲಿನ ಕೊನೆಗೆ ಬಂದಾಗ ಮಗಳ ಕಡೆ ತಿರುಗಿದರು. ‘ಎಲ್ಲ ಚೆನ್ನಾಗಿ ಬರ್ದಿದ್ದೀಯ. ಆ ಗೋಡೆ ಮೇಲಿನ ಮಸಿನೂ ಬಿಟ್ಟಿಲ್ಲ. ನನ್ನ ಮುಖ ಏನು ಮಾಡ್ದೆ?’

ಸಿಟ್ಟಿನಿಂದ ಕೇಳಿದ್ದಲ್ಲ. ಮನೆಯಲ್ಲಿ ಕಾಣದ ಲೋಟವನ್ನು ಕೇಳಿದ ಹಾಗೆ ಕೇಳಿದರು.

ಮರುದಿನ ಗುಬ್ಬಿ ನನ್ನ ಅಂಗಡಿಗೆ ಇಳಿದು ಬಂದಳು. ಕಣ್ಣು ಊದಿಕೊಂಡಿತ್ತು. ‘ಅಮ್ಮನ ಮುಖ ನನಗೆ ಬರಲ್ಲ ಕಣೆ. ಕಣ್ಣು ಮುಚ್ಚಿದ್ರೆ ಬೆನ್ನೇ ಕಾಣುತ್ತೆ.’

‘ಫೋಟೋ ನೋಡಿ ಬರಿ.’

‘ಎಲ್ಲಿದೆ ಫೋಟೋ? ಅಪ್ಪ, ನಿನ್ನದು ನಾಳೆ ತೆಗೀತೀನಿ ನಾಳೆ ತೆಗೀತೀನಿ ಅಂತಲೇ ಇದ್ರು. ಆಮೇಲೆ ಅಣ್ಣ ಕರೆದ್ರೆ ಇವಳು ಪರದೆ ಮುಂದಕ್ಕೆ ಬರ್ಲಿಲ್ಲ.’

ಊರಿಗೆಲ್ಲ ಫೋಟೋ ತೆಗೆದ ಮನೆಯ ಯಜಮಾನಿಯದು ಒಂದೇ ಒಂದು ಫೋಟೋ ಇಲ್ಲ! ಚಿಕ್ಕಮ್ಮ ಆ ಚಳಿಗಾಲವೆಲ್ಲ ಹಾಸಿಗೆ ಹಿಡಿದು ಆಗತಾನೇ ಎದ್ದಿದ್ದರು. ಅವರು ಹೋದರೆ ಆ ಮುಖ ಹೋದಂತೆಯೇ, ಲೋಕದಲ್ಲಿ ಉಳಿಯುವುದು ಮಗಳ ಸಿಟ್ಟು ಬರೆದ ಬೆನ್ನುಗಳು ಮಾತ್ರ.

ಗುಬ್ಬಿ ಹೋಗಿ ಅಮ್ಮನನ್ನು ಕೇಳಿದಳು. ‘ನೀನು ಬರೆಯೋದಾದ್ರೆ ಕೂತ್ಕೋತೀನಿ’ ಎಂದು ಚಿಕ್ಕಮ್ಮ ಒಪ್ಪಿದರು. ಗಿರಾಕಿಗಳು ಕಡಿಮೆ ಇರುವ ಮಧ್ಯಾಹ್ನಗಳಲ್ಲಿ ಪರದೆಯ ಮುಂದೆ, ಗಿರಾಕಿಗಳ ಸ್ಟೂಲಿನ ಮೇಲೆ, ಬೆನ್ನ ಹಿಂದೆ ಕೆರೆ ಮೆಟ್ಟಿಲು ಇಟ್ಟುಕೊಂಡು ಕೂತರು. ಕೂತ ಕೂಡಲೇ ಉಸಿರು ಹಿಡಿದರು. ಕೆನ್ನೆ ಬಿಗಿಯಿತು, ಕಣ್ಣು ಗಾಜಾಯಿತು.

‘ಅಮ್ಮ, ಇದು ಕ್ಯಾಮೆರಾ ಅಲ್ಲ. ಮಾತಾಡು, ಕೆಮ್ಮು, ಏನು ಬೇಕಾದ್ರೂ ಮಾಡು.’

‘ಹೂಂ’ ಎನ್ನುವುದು, ಮತ್ತೆ ಉಸಿರು ಹಿಡಿಯುವುದು. ಗುಬ್ಬಿ ಬರೆದದ್ದೆಲ್ಲ ಬೇರೆ ಯಾರೋ ಆಗುತ್ತಿತ್ತು. ಒಂದಂತೂ ಮೂಲೆಯ ದಿನಸಿ ಅಂಗಡಿಯವನ ಹೆಂಡತಿಯ ಹಾಗೆಯೇ ಇತ್ತು. ಚಿಕ್ಕಮ್ಮ ಅದನ್ನು ನೋಡಿ, ‘ಚೆನ್ನಾಗಿದೆ. ಯಾರಿದು?’ ಎಂದರು. ಅಣ್ಣ ನಕ್ಕ, ನಾನೂ ನಕ್ಕೆ. ಗುಬ್ಬಿ ನಗಲಿಲ್ಲ. ಹಾಳೆ ಹರಿದಳು. ಮತ್ತೆ ಬರೆದಳು, ಮತ್ತೆ ಹರಿದಳು. ತಾಯಿ ಆ ಕಡೆ ಕಲ್ಲಾಗಿ, ಮಗಳು ಈ ಕಡೆ ಕಲ್ಲಾಗಿ, ವಾರಗಟ್ಟಲೆ ಇದೇ ನಡೆಯಿತು. ಚೌಕಟ್ಟಿನ ಅಳತೆಗೆಂದು ಹೋಗಿ ಕೂರುತ್ತಿದ್ದ ನಾನೂ ಅವರ ಜತೆ ಉಸಿರು ಹಿಡಿಯುತ್ತಿದ್ದೆ.

ಒಂದು ದಿನ ನನ್ನ ತಾಳ್ಮೆ ಕೆಟ್ಟಿತು. ‘ನೀನ್ಯಾಕೆ ಒಂದ್ಸಲ ಆಯ್ತು ಅನ್ನಬಾರದು ಗುಬ್ಬೀ? ಅವರು ಅದಕ್ಕೇ ಕಾಯ್ತಿದಾರೆ ಅಂತ ಗೊತ್ತಾಗಲ್ವಾ? ಅನ್ನು, ಉಸಿರು ಬಿಡ್ತಾರೆ, ಆಗ ಬರಿ!’

ಅಣ್ಣನ ಕೈಯಲ್ಲಿದ್ದ ಚಹಾದ ಲೋಟ ಅಲ್ಲೇ ನಿಂತಿತು. ಆ ಕೋಣೆಯಲ್ಲಿ ಆ ಮಾತು ಬಿದ್ದು ಎಷ್ಟು ಕಾಲವಾಗಿತ್ತೋ. ಚಿಕ್ಕಮ್ಮ ಸ್ಟೂಲಿನಿಂದ ಎದ್ದರು, ಪರದೆಯ ಅಂಚು ಸರಿಸಿದರು, ಹಿಂದಕ್ಕೆ ಹೊರಟುಹೋದರು. ಗುಬ್ಬಿ ಅವರ ಹಿಂದೆ ಓಡಿದಳು. ಬಾಯಿ ಸುಟ್ಟುಕೊಂಡವಳ ಹಾಗೆ ನಾನೂ ಹೋದೆ.

ಚಿಕ್ಕಮ್ಮ ಎಂದಿನ ಮಣೆಯ ಮೇಲೆ, ಪರದೆಗೆ ಮುಖ ಮಾಡಿ ಕೂತಿದ್ದರು. ಮಂಚ ಒಂದು ಕಡೆ, ಒಲೆ ಒಂದು ಕಡೆ, ಅವರ ಹಿಂದೆ ನಾನು. ಗುಬ್ಬಿಗೆ ನಿಲ್ಲಲು ಜಾಗವಿರಲಿಲ್ಲ. ಅವಳು ಅಮ್ಮನಿಗೂ ಪರದೆಗೂ ನಡುವೆ ಇದ್ದ ಇಕ್ಕಟ್ಟಿನಲ್ಲಿ ನುಸುಳಿ, ಪರದೆಗೆ ಬೆನ್ನು ಹಾಕಿ ಕುಕ್ಕರುಗಾಲಿನಲ್ಲಿ ಕೂತಳು. ಹುಟ್ಟಿದಾಗಿನಿಂದ ಆ ಜಾಗದಲ್ಲಿ ಅವಳು ಕೂತವಳಲ್ಲ. ಅಲ್ಲಿ ಕೂತರೆ ಪರದೆ ಅಲುಗುತ್ತದಲ್ಲ.

ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮುಂದೆ ಚಪ್ಪಲಿ ಸದ್ದಾಯಿತು. ಯಾರೋ ಗಿರಾಕಿ. ಚಿಕ್ಕಮ್ಮ ನಿಶ್ಚಲವಾದರು. ಅಭ್ಯಾಸಬಲ ನೋಡಿ, ಗುಬ್ಬಿಯೂ ಆದಳು, ನಾನೂ ಆದೆ. ಮೆಟ್ಟಿಲ ಬಳಿಯ ಹರಕಿನಿಂದ ಬೆಳಕು ಬಂದು ಚಿಕ್ಕಮ್ಮನ ಕೆನ್ನೆಯ ಮೇಲೆ ಬಿದ್ದಿತ್ತು. ಗುಬ್ಬಿ ಮೊಳದ ದೂರದಿಂದ ಆ ಮುಖ ನೋಡುತ್ತಿದ್ದಳು. ಗಿರಾಕಿ ಹೋಗುವವರೆಗೂ ಕಣ್ಣು ಕೀಳಲಿಲ್ಲ.

‘ಅಮ್ಮಾ,’ ಎಂದಳು ಆಮೇಲೆ. ‘ನಿನ್ನ ಮುಖದಲ್ಲಿ ಹೆದರಿಕೇನೇ ಇಲ್ವಲ್ಲ?’

‘ಏನಕ್ಕೆ ಹೆದರ್ಲಿ?’

‘ಮತ್ತೆ ಯಾಕೆ ಹೀಗೆ ಕೂತ್ಕೋತೀಯಾ?’

‘ಕೇಳಿಸ್ಕೊಳ್ತೀನಿ,’ ಎಂದರು ಚಿಕ್ಕಮ್ಮ. ‘ನಿಮ್ಮಪ್ಪ ಇನ್ನೂ ಅಂದಿಲ್ವಲ್ಲ. ಬೇರೆ ಯಾರಾದ್ರೂ ಅಂದ್ಬಿಟ್ರೆ ಅವರಿಗೆ ಅನ್ನೋಕೆ ಏನುಳಿಯುತ್ತೆ? ಅಲ್ಲೀತನಕ ಅವರು ಆ ಕಪ್ಪು ಬಟ್ಟೆ ಒಳಗೇ ಇದಾರೆ ನನ್ನ ಪಾಲಿಗೆ.’

ಚಿಕ್ಕಮ್ಮ ಮಗಳ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಮಣಿಕಟ್ಟು ಸವರಿದರು.

‘ಆ ಚಿತ್ರ ನೋಡಿದೆ ಗುಬ್ಬೀ. ನಾನು ಹಿಡ್ಕೊಂಡಿದ್ದು ಅಷ್ಟೇ ಗಟ್ಟಿಯಾಗಿ, ನೀನು ಬರ್ದಿರೋದು ಸುಳ್ಳಲ್ಲ. ಆದ್ರೆ ಅವರು ಹೇಳಿದ ಮಾತಿಗೆ ಹೆದ್ರಿ ಹಿಡ್ಕೊಂಡಿದ್ದಲ್ಲ. ಎಷ್ಟು ವರ್ಷ ಈ ಬಟ್ಟೆ ಈಚೆಗೆ ಕೂತಿದ್ದೀನಿ, ಅವರ ಉಸಿರು ನನಗೆ ಕೇಳಿಸ್ತಿತ್ತು. ನಿಂತಿದ್ದೂ ಕೇಳಿಸ್ತು. ನೀನು ಓಡಿಹೋಗಿ ನೋಡಿದ್ರೆ ಅದು ನಿಜ ಆಗಿಬಿಡ್ತಿತ್ತು. ಇನ್ನೊಂದು ಗಳಿಗೆ ಅವರು ನಮ್ಮವರಾಗಿ ಇರ್ಲಿ ಅಂತ ನಿನ್ನ ಹಿಡ್ಕೊಂಡೆ. ಆಮೇಲೆ ಆ ಗಳಿಗೆ ಬಿಡೋಕೆ ನನಗೆ ಬರ್ಲಿಲ್ಲ.’

ನನಗೆ ಅಳು ಬಂತು. ಅವರಿಬ್ಬರಿಗೆ ಬರಲಿಲ್ಲ.

ಅಂದು ಸಂಜೆ ಗುಬ್ಬಿ ಮಹಡಿಗೆ ಹೋಗಲಾರದೆ ನನ್ನ ಅಂಗಡಿಯ ಮೆಟ್ಟಿಲ ಮೇಲೇ ಕೂತಳು. ‘ಇಷ್ಟು ವರ್ಷ ಅವಳ ಮೇಲಿನ ಸಿಟ್ಟನ್ನೇ ಬಣ್ಣ ಮಾಡ್ಕೊಂಡಿದ್ದೆ ಕಣೆ. ಈಗ ಏನಿಟ್ಕೊಂಡು ಬರೀಲಿ?’ ಎಂದಳು. ಬೇರೆ ದಿನವಾಗಿದ್ದರೆ ಸಿಟ್ಟು ಮಾಡಿಕೊಂಡು ಏನಾದರೂ ಅನ್ನುತ್ತಿದ್ದೆ, ಆವತ್ತು ಅವಳ ಪಕ್ಕದಲ್ಲಿ ಕೂತೆ.

ಆದರೆ ಬರೆದಳು. ಚಿಕ್ಕಮ್ಮನನ್ನು ಸ್ಟೂಲಿನ ಮೇಲೆ ಕೂರಿಸಲಿಲ್ಲ. ತಾನೇ ಹೋಗಿ ಆ ಇಕ್ಕಟ್ಟಿನಲ್ಲಿ, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು, ಗಿರಾಕಿಗಳು ಬಂದುಹೋಗುವ ಹೊತ್ತಿನಲ್ಲಿ ಬರೆದಳು. ಆ ಚಿತ್ರದಲ್ಲಿ ಒಬ್ಬ ಹೆಂಗಸು ಉಸಿರು ಹಿಡಿದು ಕೂತಿದ್ದಾಳೆ, ಕೆನ್ನೆಯ ಮೇಲೆ ಕಾಸಿನಗಲದ ಬೆಳಕು. ಬಾಗಿಲಲ್ಲಿ ಗುರುತಿನ ಹೆಜ್ಜೆ ಕೇಳಿಸಿತೇನೋ ಎನ್ನುವಂತೆ ತಲೆ ಒಂದು ಕಡೆಗೆ ತುಸು ವಾಲಿದೆ. ನೋಡಿದರೆ ಸಾಕು, ಹೋಗಿ ಅವಳ ಕಿವಿಯಲ್ಲಿ ಆ ಮಾತು ಹೇಳಿಬಿಡೋಣ ಎನ್ನಿಸುತ್ತದೆ. ಹೇಳಿದರೆ ಅವಳು ಏನನ್ನು ಕಳೆದುಕೊಳ್ಳುತ್ತಾಳೆಂದೂ ಗೊತ್ತಾಗುತ್ತದೆ.

ಗ್ಯಾಲರಿಯಮ್ಮ ಬಂದು ನೋಡಿ, ಇದೂ ಇರಲಿ, ಆದರೆ ಜನ ಬೆನ್ನುಗಳನ್ನು ಕೇಳುತ್ತಾರೆ ಎಂದಳು. ‘ಇನ್ನು ಬೆನ್ನು ಬರೆಯೋಕೆ ಕೈ ಬರಲ್ಲ’ ಎಂದಳು ಗುಬ್ಬಿ. ಹಾಗಾದರೆ ಮತ್ತೇನು ಎಂದು ಗ್ಯಾಲರಿಯಮ್ಮ ಕೇಳಿದಳು. ಗುಬ್ಬಿ ಗೋಡೆಗೆ ತಿರುಗಿಸಿಟ್ಟಿದ್ದ ಮರದ ಚಿತ್ರದ ಕಡೆ ನೋಡಿದಳು. ಮುಖದ ಚಿತ್ರವನ್ನು ಕೊಡಲಿಲ್ಲ.

ಆ ಮರಕ್ಕೆಂದು ತೆಗೆದಿಟ್ಟಿದ್ದ ಪಟ್ಟಿಯನ್ನೇ ಕೊಯ್ದು ಈ ಮುಖಕ್ಕೆ ಚೌಕಟ್ಟು ಹಾಕಿದೆ. ನಾವಿಬ್ಬರೂ ಹೊತ್ತುಕೊಂಡು ಬೀದಿ ದಾಟಿದೆವು. ಚಿಕ್ಕಮ್ಮ ಕಣ್ಣು ಕಿರಿದು ಮಾಡಿಕೊಂಡು ನೋಡಿದರು. ಹತ್ತಿರ ಹೋದರು, ಹಿಂದೆ ಬಂದರು.

‘ಹೂಂ. ಇವಳೇ,’ ಎಂದರು. ‘ಪರದೆ ಕಡೆಗೆ ಮುಖ ಮಾಡಿ ಹಾಕಿ.’

ಹಿಂದಿನ ಗೋಡೆಗೆ ಮೊಳೆ ಹೊಡೆದು ಹಾಗೆಯೇ ಹಾಕಿದೆ. ಚೌಕಟ್ಟು ನೇರವಾಗಿದೆಯೇ ಎಂದು ನೋಡುತ್ತಿದ್ದೆ, ಮುಂದೆ ಚಪ್ಪಲಿ ಸದ್ದಾಯಿತು. ಚಿಕ್ಕಮ್ಮ ಮಣೆಯ ಮೇಲೆ ಕೂತರು. ಗುಬ್ಬಿ ಪಕ್ಕದಲ್ಲಿ ಕೂತು, ಯಾರೂ ಕೇಳದೆಯೇ, ತನ್ನ ಮಣಿಕಟ್ಟನ್ನು ಅಮ್ಮನ ಕೈಗೆ ಕೊಟ್ಟಳು. ನಾನು ಸುತ್ತಿಗೆ ಹಿಡಿದುಕೊಂಡೇ ನಿಂತೆ. ನನ್ನ ಅಂಗಡಿಗೆ ಹೋಗಬೇಕಿತ್ತು, ಹೋಗುವ ದಾರಿ ಗಿರಾಕಿಯ ಮುಂದೆಯೇ ಇತ್ತು. ಪರದೆಯ ಆಚೆ ಅಣ್ಣ ‘ರೆಡಿ’ ಎಂದ. ಫಕ್ಕನೆ ಬೆಳಕು ಮಿಂಚಿ ಹರಕಿನಲ್ಲಿ ಕಂಡು ಹೋಯಿತು.

‘ಓಕೆ,’ ಎಂದ ಅಣ್ಣ.

ನಾವು ಯಾರೂ ಅಲ್ಲಾಡಲಿಲ್ಲ.